ಡಿಸ್ಕಿನ ದೀಪ ಸುಮ್ನೆ ಮಿನುಗುತ್ತಿದ್ದರೆ: ಐಒಟಾಪ್ ಹಿಡಿಯಬೇಕೋ, ಫ್ಯಾಟ್ರೇಸ್ ಹಿಡಿಯಬೇಕೋ?

ಪೆರ್ಲದ ಹತ್ತಿರ ಇರುವ ನನ್ನ ಭಾವನಿಗೆ ತಾಳಮದ್ದಳೆಯ ರೆಕಾರ್ಡಿಂಗ್ ಕೂಡಿಡುವ ಹುಚ್ಚು. ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ್ದು, ಮೊಬೈಲಿನಲ್ಲಿ ಹಿಡಿದದ್ದು, ಯಾರ್ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟದ್ದು, ಎಲ್ಲ ಸೇರಿ ಸಾವಿರಗಟ್ಟಲೆ ಫೈಲು. ಮಳೆಗಾಲಕ್ಕೆ ಮೊದಲು 2 ಟೆರಾಬೈಟಿನ ಹೊಸ ಯುಎಸ್‌ಬಿ ಡಿಸ್ಕ್ ತಂದು, ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಮ್ಮಿಗೆ (ಫೈಲುಗಳನ್ನು ಜೋಡಿಸಿಡುವ ಪದ್ಧತಿಗೆ) ಫಾರ್ಮ್ಯಾಟ್ ಮಾಡಿ, ಉಬುಂಟು ಹಾಕಿದ ಹಳೆಯ ಡೆಸ್ಕ್‌ಟಾಪಿಗೆ ಸಿಕ್ಕಿಸಿದರು. ಸಂಜೆ ಫೋನ್ ಬಂತು.

"ಎಂತ ಭಾವ ಇದು? ನಾನೊಂದು ಫೈಲೂ ಹಾಕ್ಲಿಲ್ಲ. ಡಿಸ್ಕಿನ ದೀಪ ಮಾತ್ರ ಮಿಣಮಿಣ ಮಾಡ್ತಾನೇ ಉಂಟು. ವೈರಸ್ಸಾ?"

ವೈರಸ್ ಆಗಿರಲಿಲ್ಲ. ಆದರೆ ಅದು ಎಂತದು ಎಂದು ಫೋನಿನಲ್ಲಿ ಹೇಳಿಸಿ ಟೈಪ್ ಮಾಡಿಸಿ ಹುಡುಕುವಾಗ ಗಂಟೆ ಎಂಟಾಯಿತು. ತಡವಾದದ್ದಕ್ಕೆ ಕಾರಣ ನಾನೇ. ಮೊದಲು ಹಿಡಿದ ಉಪಕರಣವೇ ತಪ್ಪು. ನಮ್ಮ ಕಾಸರಗೋಡಿನಲ್ಲಿ ಲಿನಕ್ಸ್ ಅಪರೂಪದ ವಸ್ತುವಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ಕೊಡುವ ಉಬುಂಟು ಆಧಾರಿತ ಗ್ನೂ/ಲಿನಕ್ಸ್ ಇರುವುದರಿಂದ, ಕನ್ನಡ ಮಾಧ್ಯಮದ ಮಕ್ಕಳಿಗೂ ಮೇಷ್ಟ್ರುಗಳಿಗೂ ಅದರ ಪರಿಚಯ ಉಂಟು. ಆದರೆ ಡಿಸ್ಕ್ ತನ್ನಷ್ಟಕ್ಕೆ ಓಡತೊಡಗಿದರೆ ಹೆಚ್ಚಿನವರು ಯಾವ ಪ್ರೋಗ್ರಾಮು ಎಷ್ಟು ಬರೆಯುತ್ತದೆ ಎಂದು ತೋರಿಸುವ ಐಒಟಾಪ್ ಒಂದನ್ನೇ ತೆರೆದು ಕೂರುತ್ತಾರೆ. ಅದರಲ್ಲಿ ಉತ್ತರ ಸಿಗದಿದ್ದರೆ ರೀಬೂಟ್. ಅಲ್ಲಿಗೆ ಕತೆ ಮುಗಿಯಿತು.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಒಂದೇ ಉಪಕರಣ ಹಾಕಿಕೊಳ್ಳುವುದಾದರೆ, ಯಾವ ಪ್ರೋಗ್ರಾಮು ಯಾವ ಫೈಲು ಮುಟ್ಟಿತು ಎಂದು ಹೇಳುವ ಫ್ಯಾಟ್ರೇಸ್ ಹಾಕಿ. ಎರಡು ಹಾಕಬಹುದಾದರೆ ಜೊತೆಗೆ ಐಒಟಾಪ್. ಈ ಎರಡರಲ್ಲೂ ಏನೂ ಕಾಣದಿದ್ದರೆ ಮಾತ್ರ ಡಿಸ್ಕಿಗೆ ಹೋಗುವ ಒಂದೊಂದು ರೈಟನ್ನೂ ಹಿಡಿಯುವ ಬಯೋಸ್ನೂಪ್, ಬಿಟ್ರೇಸ್‌ಗಳ ಕಡೆ ಹೋಗಿ. ಕಮಾಂಡುಗಳ ಹೆಸರನ್ನು ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಫ್ಯಾಟ್ರೇಸ್ ಎಂದರೆ ಎಫ್, ಎ, ಟಿ, ಆರ್, ಎ, ಸಿ, ಇ.

ಮೊದಲು ಅಳೆಯಿರಿ, ಆಮೇಲೆ ಅನುಮಾನಪಡಿ

ದೀಪ ಮಿನುಗಿದರೆ ಬರೆಯುತ್ತಿದೆ ಎಂದೇ ಅರ್ಥವಲ್ಲ. ಓದಿದರೂ ಮಿನುಗುತ್ತದೆ. ಹಾಗಾಗಿ ನಿಜವಾಗಿಯೂ ರೈಟ್ ಆಗುತ್ತಿದೆಯಾ, ಎಷ್ಟು ಆಗುತ್ತಿದೆ ಎಂಬುದು ಮೊದಲ ಪ್ರಶ್ನೆ. ಇದಕ್ಕೆ ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ.

ಇಎಕ್ಸ್‌ಟಿ4 ಆಗಿದ್ದರೆ, ಸಿಸ್ ಫೋಲ್ಡರಿನ ಒಳಗೆ ಎಫ್‌ಎಸ್, ಅದರೊಳಗೆ ಇಎಕ್ಸ್‌ಟಿ4, ಅದರೊಳಗೆ ನಿಮ್ಮ ಪಾರ್ಟಿಶನ್ನಿನ ಹೆಸರಿನ ಫೋಲ್ಡರು ಇರುತ್ತದೆ. ಅಲ್ಲಿ "ಸೆಷನ್ ರೈಟ್ ಕೆಬೈಟ್ಸ್" ಎಂಬ ಫೈಲಿನಲ್ಲಿ, ಮೌಂಟ್ ಆದಂದಿನಿಂದ (ಅಂದರೆ ಸಿಸ್ಟಮ್ಮಿಗೆ ಜೋಡಿಸಿಕೊಂಡಂದಿನಿಂದ) ಎಷ್ಟು ಕೆಬಿ ಬರೆದಿದೆ ಎಂಬ ಅಂಕಿ ಸಿಗುತ್ತದೆ. ಪಕ್ಕದಲ್ಲೇ "ಲೈಫ್‌ಟೈಮ್" ಎಂದು ಶುರುವಾಗುವ ಇನ್ನೊಂದು, ಫಾರ್ಮ್ಯಾಟ್ ಆದಂದಿನಿಂದ ಇವತ್ತಿನವರೆಗಿನದ್ದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಡೈರಿಯಲ್ಲಿ ಬರೆದಿಡಿ. ಬೇರೆ ಫೈಲ್‌ಸಿಸ್ಟಮ್ ಇದ್ದವರು ಪ್ರಾಕ್ ಫೋಲ್ಡರಿನ ಡಿಸ್ಕ್‌ಸ್ಟ್ಯಾಟ್ಸ್ ನೋಡಬಹುದು. ಅದರ ಹತ್ತನೇ ಕಾಲಮ್ಮು ಬರೆದ ಸೆಕ್ಟರುಗಳ ಲೆಕ್ಕ. 512ರಿಂದ ಗುಣಿಸಿದರೆ ಬೈಟು.

ಇಷ್ಟೇ ಸಾಕು. ಐಒಸ್ಟ್ಯಾಟ್ ಚೆಂದವೇ, ಆದರೆ ಅದು ಓದುವುದೂ ಇದೇ ಡಿಸ್ಕ್‌ಸ್ಟ್ಯಾಟ್ಸನ್ನೇ.

ಐಒಟಾಪ್ ಮತ್ತು ಪಿಡ್‌ಸ್ಟ್ಯಾಟ್: ಯಾರು ಬರೆಯುತ್ತಿದ್ದಾರೆ?

ಐಒಟಾಪ್ ಸುಮ್ನೆ ತೆರೆದರೆ ಸಾಲುಗಳು ಮೇಲೆ ಕೆಳಗೆ ಕುಣಿಯುತ್ತವೆ, ಕಣ್ಣಿಗೆ ಏನೂ ಸಿಗುವುದಿಲ್ಲ. ಮೂರು ಆಯ್ಕೆ ಸೇರಿಸಿ: ಸಣ್ಣ ಒ, ಸಣ್ಣ ಎ, ದೊಡ್ಡ ಪಿ. ಒ ಹಾಕಿದರೆ ಕೆಲಸ ಮಾಡುತ್ತಿರುವವರು ಮಾತ್ರ ಕಾಣುತ್ತಾರೆ. ಎ ಹಾಕಿದರೆ ಆ ಕ್ಷಣದ ವೇಗದ ಬದಲು ಶುರುವಿನಿಂದ ಒಟ್ಟಾದ ಮೊತ್ತ ಕಾಣುತ್ತದೆ. ಪಿ ಹಾಕಿದರೆ ಥ್ರೆಡ್ಡುಗಳೆಲ್ಲ ಸೇರಿ ಒಂದು ಪ್ರೋಗ್ರಾಮಿಗೆ ಒಂದೇ ಸಾಲು. ಹತ್ತು ನಿಮಿಷ ಬಿಟ್ಟು ಚಹಾ ಕುಡಿದು ಬನ್ನಿ. ಡಿಸ್ಕ್ ರೈಟ್ ಕಾಲಮ್ಮಿನಲ್ಲಿ ದೊಡ್ಡ ಅಂಕಿ ಇರುವವನೇ ಹೆಚ್ಚು ಬರೆದವನು.

ಪಿಡ್‌ಸ್ಟ್ಯಾಟ್ ಕೊಡುವುದೂ ಹೆಚ್ಚುಕಡಿಮೆ ಇದನ್ನೇ. ಸಿಸ್‌ಸ್ಟ್ಯಾಟ್ ಎಂಬ ಪ್ಯಾಕೇಜಿನಲ್ಲಿ ಬರುತ್ತದೆ. ಡಿ ಆಯ್ಕೆ ಹಾಕಿ, ಮುಂದೆ 5 ಎಂದು ಬರೆದರೆ 5 ಸೆಕೆಂಡಿಗೊಂದು ಸಲ ಪಟ್ಟಿ ಒಗೆಯುತ್ತದೆ. ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ಹುಡುಕುವುದಾದರೆ ಇದೇ ಒಳ್ಳೆಯದು. ಕೂತು ನೋಡುವುದಾದರೆ ಐಒಟಾಪ್.

ಆದರೆ ಈ ಎರಡೂ ಯಾವ ಲೆಕ್ಕ ಹೇಳುತ್ತಿವೆ ಎಂದು ಗೊತ್ತಿಲ್ಲದೆ ಬಳಸಿದರೆ ದಾರಿ ತಪ್ಪುವುದು ಖಂಡಿತ. ನಮ್ಮ ಹಾಲಿನ ಸೊಸೈಟಿಯನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಮನೆಮನೆಯವರು ಹಾಲು ತರುತ್ತಾರೆ. ಅಳೆಯುವವರು ಪುಸ್ತಕದಲ್ಲಿ ಹೆಸರು ಬರೆದು, ಎಲ್ಲರ ಹಾಲನ್ನೂ ಒಂದೇ ಕ್ಯಾನಿಗೆ ಹೊಯ್ಯುತ್ತಾರೆ. ಆಮೇಲೆ ಟೆಂಪೋ ಬಂದು ಕ್ಯಾನು ಒಯ್ಯುತ್ತದೆ. ಲಿನಕ್ಸಿನಲ್ಲಿಯೂ ಹಾಗೆಯೇ. ಪ್ರೋಗ್ರಾಮು ಬರೆದದ್ದು ನೇರ ಡಿಸ್ಕಿಗೆ ಹೋಗುವುದಿಲ್ಲ, ಮೊದಲು ಮೆಮರಿಯ ಕ್ಯಾಶಿನಲ್ಲಿ ನಿಲ್ಲುತ್ತದೆ. ಕರ್ನಲಿನ (ಲಿನಕ್ಸಿನ ತಿರುಳಿನ) ಕೆಲಸದಾಳು ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳೆಯದಾದದ್ದನ್ನು ಡಿಸ್ಕಿಗೆ ಸಾಗಿಸುತ್ತಾನೆ.

ಐಒಟಾಪ್ ನೋಡುವುದು ಅಳೆಯುವ ಪುಸ್ತಕವನ್ನು. ಯಾರು ಎಷ್ಟು ಕ್ಯಾನಿಗೆ ಹೊಯ್ದರು ಎಂಬುದು ಅದಕ್ಕೆ ಗೊತ್ತು. ಅದೇ ಬಯೋಸ್ನೂಪ್, ಬಿಟ್ರೇಸ್‌ಗಳು ರಸ್ತೆ ಬದಿಯಲ್ಲಿ ನಿಂತು ಟೆಂಪೋ ಎಣಿಸುವವರು. ಎಷ್ಟು ಕ್ಯಾನು ಹೋಯಿತು ಎಂಬುದು ಅವರಿಗೆ ಸರಿಯಾಗಿ ಗೊತ್ತು, ಯಾರ ಮನೆಯ ಹಾಲು ಎಂದು ಕೇಳಿದರೆ "ಕೆವರ್ಕರ್" ಎಂದು ಟೆಂಪೋದ ಹೆಸರು ಹೇಳುತ್ತಾರೆ. ಕೆವರ್ಕರ್ ಎಂಬ ಹೆಸರು ನೋಡಿ ಅದೇ ಕಳ್ಳ ಎಂದು ತಿಳಿದು ಗಂಟೆಗಟ್ಟಲೆ ಹುಡುಕಿದವರು ಜಾಸ್ತಿ ಇದ್ದಾರೆ. ಆ ಪಟ್ಟಿಯಲ್ಲಿ ನಾನೂ ಇದ್ದೇನೆ.

ಐಒಟಾಪಿನ ತಲೆಯ ಮೇಲೆ ಎರಡು ಸಾಲಿರುತ್ತದೆ. ಒಂದು ಟೋಟಲ್, ಇನ್ನೊಂದು ಆ್ಯಕ್ಚುವಲ್. ಮೊದಲನೆಯದು ಪುಸ್ತಕದ ಮೊತ್ತ, ಎರಡನೆಯದು ಡಿಸ್ಕಿಗೆ ನಿಜವಾಗಿ ಹೋದದ್ದು. ಎರಡೂ ಒಂದೇ ಹೊತ್ತಿಗೆ ತಾಳೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ತಾತ್ಕಾಲಿಕ ಫೈಲು ಬರೆದು ತಕ್ಷಣ ಅಳಿಸುವ ಪ್ರೋಗ್ರಾಮಿದ್ದರೆ, ಅದು ಹೊಯ್ದ ಹಾಲನ್ನು ಟೆಂಪೋ ಬರುವ ಮೊದಲೇ ವಾಪಸ್ ಒಯ್ದ ಹಾಗೆ. ಪುಸ್ತಕದಲ್ಲಿ ಹೆಸರುಂಟು, ಡಿಸ್ಕಿಗೆ ಏನೂ ಹೋಗಿಲ್ಲ. ಪಿಡ್‌ಸ್ಟ್ಯಾಟಿನಲ್ಲಿ ಇದಕ್ಕೆಂದೇ ಒಂದು ಕಾಲಮ್ಮು ಉಂಟು, ರದ್ದಾದ ರೈಟುಗಳದ್ದು. ಈ ಒಂದು ವಿಷಯದಲ್ಲಿ ಪಿಡ್‌ಸ್ಟ್ಯಾಟ್ ಒಂದು ಕೈ ಮೇಲು.

ಹೊಸ ಕರ್ನಲುಗಳಲ್ಲಿ ಐಒಟಾಪಿನ ಶೇಕಡಾ ಕಾಲಮ್ಮು ಖಾಲಿ ಕಾಣಬಹುದು. 5.14ರಿಂದ ಈಚೆಗೆ ಆ ಲೆಕ್ಕ ಮೊದಲಿಗೆ ಆಫ್ ಆಗಿರುತ್ತದೆ. ಸಿಸ್‌ಸಿಟಿಎಲ್‌ನಲ್ಲಿ ಕರ್ನಲ್ ಟಾಸ್ಕ್ ಡಿಲೇ‌ಆ್ಯಕ್ಟ್ ಎಂಬುದನ್ನು 1 ಮಾಡಿದರೆ ಬರುತ್ತದೆ. ಬೈಟುಗಳ ಲೆಕ್ಕಕ್ಕೆ ಅದು ಬೇಡ.

ಫ್ಯಾಟ್ರೇಸ್: ಯಾವ ಫೈಲಿಗೆ?

ಯಾರು ಎಂದು ಗೊತ್ತಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬ್ರೌಸರ್ ಬರೆಯುತ್ತಿದೆ ಎಂದು ಐಒಟಾಪ್ ಹೇಳಿತು ಅಂತಿಟ್ಟುಕೊಳ್ಳಿ. ಹೌದು, ಬ್ರೌಸರ್ ಬರೆಯುತ್ತದೆ. ಕ್ಯಾಶ್ ಬರೆಯುತ್ತದೆ, ಹಿಸ್ಟರಿ ಬರೆಯುತ್ತದೆ, ತೆರೆದಿಟ್ಟ ಟ್ಯಾಬುಗಳ ಪಟ್ಟಿಯನ್ನು ಉಳಿಸುತ್ತದೆ. ಫೈರ್‌ಫಾಕ್ಸಿನಲ್ಲಿ ಈ ಕೊನೆಯದ್ದಕ್ಕೆ ಮೊದಲೇ ಇಟ್ಟ ಅಂತರ 15 ಸೆಕೆಂಡು. ಇದರಲ್ಲಿ ಯಾವುದನ್ನು ಕಡಿಮೆ ಮಾಡಬೇಕು? ಫೈಲಿನ ಹೆಸರು ಗೊತ್ತಾಗದೆ ಹೇಳುವುದು ಹೇಗೆ?

ಫ್ಯಾಟ್ರೇಸ್ ಹೇಳುವುದು ಅದನ್ನೇ. ಕರ್ನಲಿನ ಫ್ಯಾನೋಟಿಫೈ ಎಂಬ ವ್ಯವಸ್ಥೆಗೆ ಕಿವಿ ಕೊಟ್ಟು, ಪ್ರತಿ ಘಟನೆಗೆ ಒಂದು ಸಾಲು ಬರೆಯುತ್ತದೆ: ಪ್ರೋಗ್ರಾಮಿನ ಹೆಸರು, ಅದರ ನಂಬರು, ಏನು ಮಾಡಿತು ಎಂಬುದಕ್ಕೆ ಒಂದು ಅಕ್ಷರ, ಆಮೇಲೆ ಫೈಲಿನ ಪೂರ್ತಿ ದಾರಿ. ಡಬ್ಲ್ಯು ಎಂದರೆ ಬರೆದದ್ದು, ಆರ್ ಎಂದರೆ ಓದಿದ್ದು, ಒ ಎಂದರೆ ತೆರೆದದ್ದು. ಇದಕ್ಕೆ ರೂಟ್ (ಸಿಸ್ಟಮ್ಮಿನ ಯಜಮಾನನ) ಅಧಿಕಾರ ಬೇಕು. ನಾನು ಯಾವಾಗಲೂ ಮೊದಲು ಆ ಡಿಸ್ಕಿನ ಫೋಲ್ಡರಿಗೆ ಹೋಗಿ ಸಿ ಆಯ್ಕೆ ಹಾಕುತ್ತೇನೆ. ಆಗ ಅದೊಂದು ಮೌಂಟಿನ ಸುದ್ದಿ ಮಾತ್ರ ಬರುತ್ತದೆ. ಸಮಯ ಬೇಕಾದರೆ ಟಿ. ಬರೆಯುವುದನ್ನು ಮಾತ್ರ ನೋಡಬೇಕಾದರೆ ಎಫ್ ಹಾಕಿ ಡಬ್ಲ್ಯು.

ಇಲ್ಲೊಂದು ಎಚ್ಚರಿಕೆ. ಫಲಿತಾಂಶವನ್ನು ಅದೇ ಡಿಸ್ಕಿನ ಫೈಲಿಗೆ ಉಳಿಸಬೇಡಿ. ಹುಡುಕಾಟವೇ ಹೊಸ ರೈಟ್ ಹುಟ್ಟಿಸುತ್ತದೆ. ಡೆವ್ ಕೆಳಗಿನ ಎಸ್‌ಎಚ್‌ಎಂ ಫೋಲ್ಡರು ಮೆಮರಿಯಲ್ಲೇ ಇರುತ್ತದೆ, ಅಲ್ಲಿಗೆ ಉಳಿಸಿ.

ಫ್ಯಾಟ್ರೇಸಿನ ಕೊರತೆ ಹೇಳದೆ ಹೊಗಳಿದರೆ ಮೋಸವಾದೀತು. ಎಷ್ಟು ಬೈಟು ಎಂದು ಅದು ಹೇಳುವುದಿಲ್ಲ. ಒಂದು ಅಕ್ಷರ ಬರೆದರೂ ಒಂದು ಸಾಲು, ಒಂದು ಎಂಬಿ ಬರೆದರೂ ಒಂದು ಸಾಲು. ಬಂದು ತಕ್ಷಣ ಸಾಯುವ ಪ್ರೋಗ್ರಾಮಿನ ಹೆಸರು ಸಿಗದೆ "ಅನ್‌ನೋನ್" ಎಂದು ಬರೆದುಬಿಡುವುದುಂಟು. ಇನ್ನೂ ಒಂದು ಉಂಟು: ಫೈಲನ್ನು ಮೆಮರಿಗೆ ಮ್ಯಾಪ್ ಮಾಡಿಕೊಂಡು ಅಲ್ಲೇ ತಿದ್ದುವ ಪ್ರೋಗ್ರಾಮುಗಳು ಇವೆ. ಆ ತಿದ್ದುಪಡಿ ಫ್ಯಾನೋಟಿಫೈ ಕಣ್ಣಿಗೆ ಬೀಳುವುದೇ ಇಲ್ಲ. ಐಒಟಾಪಿಗೆ ಬೀಳುತ್ತದೆ. ಜೊತೆಗೆ ಎರಡೂ ಬೇಕು ಎಂದದ್ದು ಅದಕ್ಕೇ.

ಇನೋಟಿಫೈವೇಟ್ ಎಂಬುದನ್ನೂ ಕೆಲವರು ಹೇಳುತ್ತಾರೆ. ಯಾವ ಫೈಲು ಬದಲಾಯಿತು ಎಂದು ಹೇಳುತ್ತದೆ, ಯಾರು ಬದಲಾಯಿಸಿದರು ಎಂದು ಹೇಳುವುದಿಲ್ಲ. ಕಳ್ಳನನ್ನು ಹುಡುಕುವಾಗ ಕಳುವಾದ ತೆಂಗಿನಕಾಯಿಯ ಲೆಕ್ಕ ಮಾತ್ರ ಕೊಟ್ಟ ಹಾಗೆ. ಫೋಲ್ಡರು ಫೋಲ್ಡರಿಗೂ ಬೇರೆ ಬೇರೆ ಕಾವಲು ಹಾಕಬೇಕಾದ್ದರಿಂದ ದೊಡ್ಡ ಮರದ ಮೇಲೆ ಶುರುವಾಗುವುದಕ್ಕೇ ಹೊತ್ತು ಬೇಕು. ಆದರೂ ಒಂದು ಜಾಗದಲ್ಲಿ ಇದಕ್ಕೇ ನನ್ನ ಓಟು. ರೂಟ್ ಪಾಸ್‌ವರ್ಡ್ ಇಲ್ಲದ ಲ್ಯಾಪ್‌ಟಾಪು, ಉದಾಹರಣೆಗೆ ಶಾಲೆಯದ್ದು. ನಿಮ್ಮ ಹೋಮ್ ಫೋಲ್ಡರಿನ ಒಳಗೆ ನಡೆಯುವುದನ್ನು ಯಾರ ಅಪ್ಪಣೆಯೂ ಇಲ್ಲದೆ ನೋಡಬಹುದು. ಫೈಲಿನ ದಾರಿ ನೋಡಿದರೆ ಯಾವ ಪ್ರೋಗ್ರಾಮು ಎಂದು ಊಹಿಸುವುದು ಕಷ್ಟವಲ್ಲ.

ಆಡಿಟ್‌ಡಿ ಬೇರೆ ಜಾತಿ. ಯಾವ ಫೈಲು ಎಂದು ಮೊದಲೇ ಗೊತ್ತಿದ್ದು, ವಾರಕ್ಕೊಮ್ಮೆ ಯಾರೋ ಅದನ್ನು ಬದಲಾಯಿಸುತ್ತಾರೆ ಎಂದಿದ್ದರೆ ಮಾತ್ರ ಅದನ್ನು ಹಾಕಿ. ಆ ಫೈಲಿಗೆ ಒಂದು ಕಾವಲು ಇಟ್ಟು ಮರೆತುಬಿಡಬಹುದು. ತಿಂಗಳ ನಂತರ ಹುಡುಕಿದರೂ ಯಾವ ಬಳಕೆದಾರ, ಯಾವ ಪ್ರೋಗ್ರಾಮು, ಎಷ್ಟು ಗಂಟೆಗೆ ಎಂದು ಸಿಗುತ್ತದೆ. ಇಡೀ ಡಿಸ್ಕಿಗೆ ಕಾವಲು ಹಾಕಿದರೆ ಅದರ ಲಾಗೇ ಡಿಸ್ಕ್ ತಿನ್ನುತ್ತದೆ.

ಭಾವನ ಡಿಸ್ಕ್, ಅಳಿಯನ ಕಾರ್ಡು

ಈಗ ಭಾವನ ದೀಪಕ್ಕೆ ಬರೋಣ. ನಾನು ಮೊದಲು ಹಿಡಿದದ್ದು ಫ್ಯಾಟ್ರೇಸ್. ಅದರಲ್ಲಿ ಒಂದು ಸಾಲೂ ಬರಲಿಲ್ಲ. ಅರ್ಧ ಗಂಟೆ ಕಾದೆವು. "ಉಪಕರಣವೇ ಹಾಳಾಗಿದೆಯಾ?" ಎಂದು ಕೇಳಿದರು. ಹಾಳಾಗಿರಲಿಲ್ಲ. ಪ್ರೋಗ್ರಾಮುಗಳು ಫೈಲು ಮುಟ್ಟಿದರೆ ಮಾತ್ರ ಫ್ಯಾಟ್ರೇಸ್ ಮಾತಾಡುತ್ತದೆ. ಯಾವ ಫೈಲೂ ಇಲ್ಲದ ಕಡೆ ಕರ್ನಲ್ ತಾನೇ ಬರೆದುಕೊಳ್ಳುತ್ತಿದ್ದರೆ ಅದು ಮೌನ. ಆ ಮೌನವೇ ಒಂದು ಉತ್ತರ ಎಂದು ಹೊಳೆದದ್ದು ಆಮೇಲೆ. ಐಒಟಾಪ್ ತೆರೆಸಿದೆ. ಮೊದಲ ಸಾಲಿನಲ್ಲೇ ಚೌಕ ಆವರಣದೊಳಗೆ ಹೆಸರಿತ್ತು: ಇಎಕ್ಸ್‌ಟಿ4ಲೇಜಿಇನಿಟ್.

ಹೆಸರೇ ಹೇಳುವಂತೆ ಸೋಮಾರಿ ಕೆಲಸ. ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡುವಾಗ ಐನೋಡ್ (ಒಂದೊಂದು ಫೈಲಿನ ವಿವರ ಇಡುವ ಚೀಟಿ) ಪಟ್ಟಿಗಳಿಗೆ ಜಾಗ ಗೊತ್ತುಮಾಡಿ, ಸೊನ್ನೆ ತುಂಬುವ ಕೆಲಸವನ್ನು ಮುಂದಕ್ಕೆ ಹಾಕುತ್ತದೆ. ಅದರಿಂದಲೇ 2 ಟೆರಾಬೈಟು ಕೆಲವೇ ಸೆಕೆಂಡಿನಲ್ಲಿ ಫಾರ್ಮ್ಯಾಟ್ ಆದ ಹಾಗೆ ಕಾಣುವುದು. ಮೊದಲ ಸಲ ಮೌಂಟ್ ಆದಾಗ ಕರ್ನಲ್ ಹಿಂದಿನಿಂದ ಆ ಬಾಕಿ ಕೆಲಸ ಮುಗಿಸುತ್ತದೆ. ಲೆಕ್ಕ ನೋಡಿ: ಸಾಮಾನ್ಯ ಸೆಟ್ಟಿಂಗಿನಲ್ಲಿ 16,384 ಬೈಟಿಗೊಂದು ಐನೋಡು, ಒಂದೊಂದು ಐನೋಡಿಗೆ 256 ಬೈಟು. ಅಂದರೆ ಡಿಸ್ಕಿನ 64ರಲ್ಲಿ ಒಂದು ಪಾಲು. 2 ಟೆರಾಬೈಟಿಗೆ ಸುಮಾರು 31 ಜಿಬಿ! ಭಾವ ಒಂದು ಫೈಲೂ ಹಾಕದೆ 31 ಜಿಬಿ ಬರೆಯುವುದಿತ್ತು. ಬೇರೆಯವರ ಕೆಲಸಕ್ಕೆ ಅಡ್ಡಿಯಾಗಬಾರದೆಂದು, ಒಂದು ಗುಂಪಿಗೆ ಸೊನ್ನೆ ತುಂಬಿ, ಅದಕ್ಕೆ ಹಿಡಿದ ಹೊತ್ತಿನ ಹತ್ತು ಪಟ್ಟು ಸುಮ್ಮನಿದ್ದು, ಮತ್ತೆ ಮುಂದಿನದು. ಮಿಣಮಿಣ ಆದದ್ದು ಅದಕ್ಕೇ. ನಡುವೆ ಡಿಸ್ಕ್ ಬಿಚ್ಚಿದರೂ ತೊಂದರೆಯಿಲ್ಲ, ಮುಂದಿನ ಮೌಂಟಿನಲ್ಲಿ ಮುಂದುವರಿಯುತ್ತದೆ. ಕಾಯುವ ತಾಳ್ಮೆ ಇದ್ದವರು ಫಾರ್ಮ್ಯಾಟ್ ಮಾಡುವಾಗಲೇ ಲೇಜಿ ಐಟೇಬಲ್ ಇನಿಟ್ ಎಂಬುದನ್ನು 0 ಮಾಡಿ ಒಂದೇ ಸಲ ಮುಗಿಸಬಹುದು.

ಇಂಥ ಮೌನ ಎದುರಾಗಿ ಐಒಟಾಪಿನಲ್ಲೂ ಹೆಸರು ಸ್ಪಷ್ಟವಿಲ್ಲದಿದ್ದರೆ ಟೆಂಪೋ ಎಣಿಸುವವರನ್ನು ಕರೆಯಿರಿ. ಹೊಸ ಕರ್ನಲಿದ್ದರೆ ಬಯೋಸ್ನೂಪ್, ಉಬುಂಟುವಿನಲ್ಲಿ ಅದರ ಹೆಸರಿನ ಬಾಲಕ್ಕೆ ಬಿಪಿಎಫ್‌ಸಿಸಿ ಎಂದು ಸೇರಿರುತ್ತದೆ. ಹಳೆಯ ಯಂತ್ರಕ್ಕೆ ಬಿಟ್ರೇಸ್. ಬಿಟ್ರೇಸ್ ಕೊಟ್ಟ ಸೆಕ್ಟರ್ ನಂಬರಿನಿಂದ ಪಾರ್ಟಿಶನ್ ಶುರುವಾಗುವ ಸೆಕ್ಟರನ್ನು ಕಳೆದು, 8ರಿಂದ ಭಾಗಿಸಿದರೆ 4 ಕೆಬಿ ಬ್ಲಾಕಿನ ನಂಬರು. ಅದನ್ನು ಡೀಬಗ್‌ಎಫ್‌ಎಸ್‌ಗೆ ಕೊಟ್ಟು ಐಚೆಕ್ ಮಾಡಿದರೆ ಐನೋಡು, ಎನ್‌ಚೆಕ್ ಮಾಡಿದರೆ ಫೈಲಿನ ಹೆಸರು. ಚೆಂದದ ಕಸರತ್ತು. ವರ್ಷಕ್ಕೊಮ್ಮೆಯೂ ನನಗೆ ಬೇಕಾಗಿಲ್ಲ.

ಇನ್ನೊಂದು ಪ್ರಕರಣ ಇದರ ತದ್ವಿರುದ್ಧ. ನೀರ್ಚಾಲಿನಲ್ಲಿರುವ ತಂಗಿಯ ಮಗ ಅಡಿಕೆ ತೋಟದ ಪಂಪಿಗೆ ರಾಸ್ಪ್‌ಬೆರಿ ಪೈ ಎಂಬ ಸಣ್ಣ ಕಂಪ್ಯೂಟರ್ ಕಟ್ಟಿದ್ದಾನೆ. ಟ್ಯಾಂಕಿನ ನೀರಿನ ಮಟ್ಟ ನೋಡಿ ಪಂಪ್ ಆನ್, ಆಫ್ ಮಾಡುತ್ತದೆ. ಒಂದೇ ವರ್ಷದಲ್ಲಿ ಎರಡು ಎಸ್‌ಡಿ ಕಾರ್ಡು ಸತ್ತವು. "ಐಒಟಾಪ್ ನೋಡಿದೆ ಮಾವ, ಸೆಕೆಂಡಿಗೆ 40 ಕೆಬಿ ಅಷ್ಟೆ. ಅದೆಂತ ದೊಡ್ಡದಾ?" ಎಂದ.

ದೊಡ್ಡದೇ. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ ಮೂರೂವರೆ ಜಿಬಿಗೆ ಹತ್ತಿರ, ಅದೂ ಪುಡಿಪುಡಿಯಾಗಿ. ಫ್ಯಾಟ್ರೇಸ್ ಹಾಕಿದ ಕೂಡಲೇ ಕಾರಣ ಕಣ್ಣಿಗೆ ಬಿತ್ತು. ಅವನೇ ಬರೆದ ಪೈಥಾನ್ ಪ್ರೋಗ್ರಾಮು ಸೆಕೆಂಡಿಗೊಮ್ಮೆ ನೀರಿನ ಮಟ್ಟವನ್ನು ಎಸ್‌ಕ್ಯುಲೈಟ್ ಡೇಟಾಬೇಸಿಗೆ ಸೇರಿಸುತ್ತಿತ್ತು. ಪ್ರತಿ ಸಲವೂ ಜರ್ನಲ್ (ನಡುವೆ ಕೆಟ್ಟರೆ ಸರಿಪಡಿಸಿಕೊಳ್ಳಲು ಮೊದಲೇ ಬರೆದಿಡುವ ಟಿಪ್ಪಣಿ) ಫೈಲು ಹುಟ್ಟುತ್ತದೆ, ಡೇಟಾಬೇಸ್ ಬರೆಯುತ್ತದೆ, ಜರ್ನಲ್ ಅಳಿಯುತ್ತದೆ. ನಡುನಡುವೆ ಎಫ್‌ಸಿಂಕ್, ಅಂದರೆ "ಟೆಂಪೋಗೆ ಕಾಯಬೇಡ, ಈಗಲೇ ಒಯ್ಯಿ" ಎಂಬ ಅಪ್ಪಣೆ. ಮೂವತ್ತು ಬೈಟಿನ ಒಂದು ಸಾಲಿಗಾಗಿ ಹಲವು 4 ಕೆಬಿ ಬ್ಲಾಕುಗಳು, ಅದರ ಮೇಲೆ ಇಎಕ್ಸ್‌ಟಿ4 ತನ್ನ ಜರ್ನಲಿಗೆ ಬರೆಯುವುದು ಬೇರೆ. ಎಸ್‌ಟ್ರೇಸಿಗೆ (ಪ್ರೋಗ್ರಾಮು ಕರ್ನಲಿಗೆ ಕೇಳುವುದನ್ನೆಲ್ಲ ತೋರಿಸುವ ಉಪಕರಣ) ವೈ ಆಯ್ಕೆ ಕೊಟ್ಟು ಆ ಒಂದು ಪ್ರೋಗ್ರಾಮಿಗೆ ಮಾತ್ರ ಎರಡು ನಿಮಿಷ ಅಂಟಿಸಿ ಎಫ್‌ಸಿಂಕುಗಳನ್ನು ಎಣಿಸಿದೆವು. ಎಸ್‌ಟ್ರೇಸ್ ಓಟವನ್ನು ನಿಧಾನ ಮಾಡುತ್ತದೆ, ಹಾಗಾಗಿ ಕಳ್ಳ ಯಾರೆಂದು ಗೊತ್ತಾದ ಮೇಲೆ ಮಾತ್ರ ಅದು.

ಈಗ ಮಟ್ಟದ ಲೆಕ್ಕ ಮೆಮರಿಯಲ್ಲಿ ಕೂಡುತ್ತದೆ, ಐದು ನಿಮಿಷಕ್ಕೊಮ್ಮೆ ಒಟ್ಟಿಗೆ ಡೇಟಾಬೇಸಿಗೆ ಹೋಗುತ್ತದೆ. ಸಿಸ್ಟಮ್‌ಡಿಯ ಜರ್ನಲನ್ನೂ (ಇದು ಸಿಸ್ಟಮ್ಮಿನ ಲಾಗು) ಮೆಮರಿಗೆ ಹಾಕೋಣವಾ ಎಂದು ಕೇಳಿದ. ನಾನು ಬೇಡ ಎಂದೆ. ಆಟಿಯ ಮಳೆಗೆ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಜಾಗದಲ್ಲಿ ಪೈ ಯಾಕೆ ನಿಂತಿತು ಎಂದು ಹುಡುಕುವಾಗ ಆ ಲಾಗೇ ಬೇಕು.

ಓದಿದರೂ ಬರೆಯುವ ಡಿಸ್ಕ್

ಭಾವನ ಡಿಸ್ಕಿನ ಕತೆ ಅಲ್ಲಿಗೆ ಮುಗಿಯಲಿಲ್ಲ. ಅಂಕಿ ಬರೆದಿಡುವ ಅಭ್ಯಾಸ ಅವರಿಗೆ ಹತ್ತಿಬಿಟ್ಟಿತ್ತು. ಒಂದು ತಿಂಗಳ ನಂತರ ಮತ್ತೆ ಫೋನು: "ಭಾನುವಾರ ಬೆಳಿಗ್ಗೆ ನೋಡಿದರೆ ಅಂಕಿ ಏರಿರ್ತದೆ. ಬೇರೆ ದಿನ ಇಲ್ಲ. ಶನಿವಾರ ರಾತ್ರಿ ಯಾರೂ ಮುಟ್ಟುವುದಿಲ್ಲ ಮಾರಾಯ್ರೆ."

ಶನಿವಾರ ರಾತ್ರಿ ಫ್ಯಾಟ್ರೇಸ್ ಇಟ್ಟೆವು, ಡಬ್ಲ್ಯು ಮಾತ್ರ ಎಂದು ಸೋಸಿ. ಒಂದು ಸಾಲೂ ಇಲ್ಲ. ಪಕ್ಕದಲ್ಲಿ ಓಡುತ್ತಿದ್ದ ಐಒಟಾಪಿನಲ್ಲಿ ಜೆಬಿಡಿ2 ಕಂಡಿತು. ಅದು ಇಎಕ್ಸ್‌ಟಿ4ರ ಜರ್ನಲ್ ಬರೆಯುವ ಕರ್ನಲ್ ಥ್ರೆಡ್ಡು. ಅಂದರೆ ಫೈಲಿನ ಒಳಗಿನ ವಿಷಯವಲ್ಲ, ಫೈಲಿನ ವಿವರ ಬದಲಾಗುತ್ತಿದೆ. ಮುಂದಿನ ಶನಿವಾರ ಸೋಸುವುದನ್ನು ಬಿಟ್ಟು ಎಲ್ಲವನ್ನೂ ಹಿಡಿದೆವು. ಬೆಳಗಾಗುವಾಗ ಸಾಲು ಸಾಲು ಆರ್. ಯಾವುದೋ ಪ್ರೋಗ್ರಾಮು ರಾತ್ರಿ ಎರಡು ಗಂಟೆಗೆ ಎಲ್ಲ ರೆಕಾರ್ಡಿಂಗನ್ನೂ ಮೊದಲಿನಿಂದ ಕೊನೆಯವರೆಗೆ ಓದುತ್ತಿತ್ತು.

ಓದಿದರೆ ಬರೆಯುವುದು ಯಾಕೆ? ಫೈಲನ್ನು ಕೊನೆಯ ಸಲ ಓದಿದ್ದು ಯಾವಾಗ ಎಂಬುದನ್ನೂ ಲಿನಕ್ಸ್ ಐನೋಡಿನಲ್ಲಿ ಬರೆದಿಡುತ್ತದೆ. ಮೊದಲೆಲ್ಲ ಪ್ರತಿ ಸಲ ಬರೆಯುತ್ತಿತ್ತು. ಕರ್ನಲ್ 2.6.30ರಿಂದ ರೆಲ್‌ಎಟೈಮ್ ಎಂಬ ನಿಯಮ ರೂಢಿಗೆ ಬಂತು. ಆ ಹೊತ್ತು ಫೈಲು ತಿದ್ದಿದ ಹೊತ್ತಿಗಿಂತ ಹಿಂದಿನದಾಗಿದ್ದರೆ, ಇಲ್ಲವೇ 24 ಗಂಟೆಗಿಂತ ಹಳೆಯದಾಗಿದ್ದರೆ ಮಾತ್ರ ಬದಲಾಯಿಸುವುದು. ವಾರಕ್ಕೊಮ್ಮೆ ಓದಿದರೆ ಪ್ರತಿ ಫೈಲಿಗೂ ಆ ನಿಯಮ ತಾಗಿಯೇ ತಾಗುತ್ತದೆ. ಎಫ್‌ಎಸ್‌ಟ್ಯಾಬಿನಲ್ಲಿ (ಯಾವ ಡಿಸ್ಕನ್ನು ಹೇಗೆ ಮೌಂಟ್ ಮಾಡಬೇಕೆಂಬ ಪಟ್ಟಿಯಲ್ಲಿ) ಆ ಡಿಸ್ಕಿನ ಸಾಲಿಗೆ ನೋಎಟೈಮ್, ಅಂದರೆ ಓದಿದ ಹೊತ್ತು ಬರೆಯಬೇಡ, ಎಂದು ಸೇರಿಸಿದೆ. ಭಾನುವಾರದ ಅಂಕಿ ಏರುವುದು ನಿಂತಿತು.

ಓದುತ್ತಿದ್ದ ಪ್ರೋಗ್ರಾಮಿನ ಹೆಸರು ಎಸ್‌ಎಚ್‌ಎ256ಸಮ್. ರೆಕಾರ್ಡಿಂಗುಗಳು ಹಾಳಾಗಿಲ್ಲವಷ್ಟೆ ಎಂದು ವಾರಕ್ಕೊಮ್ಮೆ ತಾಳೆ ನೋಡಲು, ಡಿಸ್ಕ್ ಕೊಂಡ ಮರುವಾರ ಅದನ್ನು ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿದ್ದು ನಾನೇ. ಭಾವನಿಗೆ ಇದನ್ನು ಇನ್ನೂ ಹೇಳಿಲ್ಲ.